ಗೆದ್ದ ದುಡ್ಡಿಗೆ ರಸೀದಿ ಕೇಳಿದ ಭಾವ

ಜೂಜಾಡಿ ಸಿಕ್ಕಿಬಿದ್ದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಜೂಜಾಡಿ ಗೆದ್ದು, ಯಾರೂ ಕೇಳದೆ, ಯಾರೂ ಕರೆಯದೆ, ತಾವಾಗಿಯೇ ಹೋಗಿ 'ಇದಕ್ಕೆ ಟ್ಯಾಕ್ಸು ಎಷ್ಟಾಯ್ತು ಹೇಳಿ, ಕಟ್ತೀನಿ' ಎಂದು ಕಂಡಕಂಡವರ ಮುಂದೆ ನಿಂತವರು ಮಾತ್ರ ಒಬ್ಬರೇ. ಅವರು ನನ್ನ ಅಕ್ಕನ ಗಂಡ! ಹೆಸರು ಬರೆಯುವುದಿಲ್ಲ. ಬರೆದರೆ ಬೇಸರ ಮಾಡಿಕೊಳ್ಳುತ್ತಾರೆ ಎಂದಲ್ಲ. ಹತ್ತು ಪ್ರತಿ ಜೆರಾಕ್ಸ್ ಮಾಡಿಸಿ, ಅಟೆಸ್ಟ್ ಮಾಡಿಸಿ ಊರಿಗೆಲ್ಲ ಹಂಚಿಬಿಡುತ್ತಾರೆ ಎಂಬ ಭಯ.

ಭಾವನದು ಆಂಧ್ರದ ಕಲ್ಯಾಣದುರ್ಗ. ಎಮ್ಮಾರ್ವೋ ಆಫೀಸಿನ, ಅಂದರೆ ಅಲ್ಲಿಯ ತಾಲ್ಲೂಕು ಕಚೇರಿಯ, ಎದುರು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಮೂವತ್ತು ವರ್ಷ ಫಾರಂ ತುಂಬಿ ತುಂಬಿ, ಫಾರಂನಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಮಗಳು ಹುಟ್ಟಿದ ದಿನ ಮೊದಲು ಓಡಿದ್ದು ಜನನ ನೋಂದಣಿಗೆ, ಮಗುವಿನ ಮುಖ ನೋಡಿದ್ದು ಆಮೇಲೆ. "ಮೊದ್ಲು ನಂಬರ್ ಬರ್ಲಿ ಕಣಮ್ಮ, ಮಕ ಎಲ್ಲಿಗೋಯ್ತದೆ?" ಎಂದರು ನನಗೆ. ಒಮ್ಮೆ ಬ್ರಹ್ಮಸಮುದ್ರದ ಬಸ್ಸಿನಲ್ಲಿ ಚೀಲದೊಳಗಿನ ಕೋಳಿಗೆ ಟಿಕೆಟ್ ಕೊಡುವುದಿಲ್ಲ ಎಂದ ಕಂಡಕ್ಟರ ಜತೆ ಊರು ಬರುವವರೆಗೂ ಜಗಳ. "ಟಿಕೆಟಿಲ್ಲದ ಕೋಳಿ ಕಳ್ದೋದ್ರೆ ಯಾರಪ್ಪ ಜವಾಬ್ದಾರಿ?" ಕಂಡಕ್ಟರ್ ಕೊನೆಗೆ ಕೈಮುಗಿದು ಟಿಕೆಟ್ ಹರಿದುಕೊಟ್ಟನಂತೆ. ಅರ್ಧ ಟಿಕೆಟ್ಟೋ ಪೂರ್ತಿಯೋ ನಾನು ಕೇಳಲಿಲ್ಲ.

ಇಂಥವರ ಫೋನಿಗೆ ಯಾರೋ ಪುಣ್ಯಾತ್ಮ ಅರ್ಜಿ ಬರೆಸಿಕೊಂಡು, ಕೂಲಿಯ ಬದಲು ಒಂದು ಆಟ ಹಾಕಿಕೊಟ್ಟು ಹೋದ. ಪರದೆಯ ಮೇಲೆ ಪುಟ್ಟ ವಿಮಾನವೊಂದು ಏರುತ್ತಾ ಹೋಗುತ್ತದೆ. ಏರಿದಷ್ಟೂ ನೀವು ಕಟ್ಟಿದ ದುಡ್ಡು ಎರಡರಷ್ಟು, ಮೂರರಷ್ಟು, ಹತ್ತರಷ್ಟು! ಅದು ಮಾಯವಾಗುವ ಮೊದಲು ಗುಂಡಿ ಒತ್ತಿದರೆ ದುಡ್ಡು ನಿಮ್ಮದು. ತಡಮಾಡಿದರೆ ವಿಮಾನವೂ ಇಲ್ಲ, ದುಡ್ಡೂ ಇಲ್ಲ. ಗೆದ್ದರೂ ಕೊಡುವುದು ರೂಪಾಯಿ ಅಲ್ಲ, ಕ್ರಿಪ್ಟೋ ಎಂಬ ಕಾಯಿನ್ನು. ಅದನ್ನು ಮುಟ್ಟುವಂತಿಲ್ಲ, ಹಲ್ಲಿನಲ್ಲಿ ಕಚ್ಚಿ ನೋಡುವಂತಿಲ್ಲ, ದೇವರ ಹುಂಡಿಗೂ ಹಾಕುವಂತಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮಪ್ಪ ನೇಕಾರರು. ಮನೆಯಲ್ಲಿ ಎರಡು ಮಗ್ಗಗಳಿದ್ದವು. ಎರಡನ್ನೂ ಇಸ್ಪೀಟಿನಲ್ಲಿ ಕಳೆದರು. ಅದನ್ನು ಕಣ್ಣಾರೆ ಕಂಡವಳು ಅಕ್ಕ, ನಾನಿನ್ನೂ ಚಿಕ್ಕವಳು. ಮದುವೆಗೆ ಮುಂಚೆಯೇ ಅಕ್ಕ ಭಾವನಿಂದ ಆಣೆ ಹಾಕಿಸಿಕೊಂಡಿದ್ದಳು, ಇಸ್ಪೀಟು ಮುಟ್ಟಬಾರದು ಎಂದು. ನಾನು ಅದನ್ನು ನೆನಪಿಸಿದರೆ ಭಾವ ಕನ್ನಡಕ ಸರಿಮಾಡಿಕೊಂಡು, "ಆಣೆಯಾಗೆ ಇಸ್ಪೀಟು ಅಂತ ಐತೆ ಕಣಮ್ಮ, ವಿಮಾನ ಅಂತ ಎಲ್ಲೈತೆ?" ಎಂದರು. ಅರ್ಜಿ ಬರೆಯುವವರಿಗೆ ಹೆಣ್ಣು ಕೊಟ್ಟರೆ ಇನ್ನೇನಾದೀತು!

ಆದರೂ ಕಾನೂನು ಮೀರುವ ಮನುಷ್ಯ ಅಲ್ಲ. ದುಡ್ಡು ಕಟ್ಟಿ ಆನ್‌ಲೈನ್ ಆಟ ಆಡುವುದಕ್ಕೆ ಆಂಧ್ರದಲ್ಲಿ ಆಗಲೇ ನಿಷೇಧವಿತ್ತು. ದೇಶಕ್ಕೆಲ್ಲ ಬಂದದ್ದು ಆಮೇಲೆ. ಹಾಗಾದರೆ ಭಾವ ಆಟ ಬಿಟ್ಟರೇ? ಉಹೂಂ, ಆಂಧ್ರ ಬಿಟ್ಟರು! ಭಾನುವಾರ ಬಂತೆಂದರೆ ಅಕ್ಕನಿಗೆ "ಹಿಂದೂಪುರದಾಗೆ ಸ್ಟಾಂಪ್ ಪೇಪರ್ ತರ್ಬೇಕು, ಹೋಗ್ಬತ್ತೀನಿ" ಎಂದು ಹೇಳಿ ಹಿಂದೂಪುರದಲ್ಲೇ ಇರುವ ನಮ್ಮ ಮನೆಗೆ ಬರುವರು. ಭಾನುವಾರ ಯಾವ ಸ್ಟಾಂಪ್ ಪೇಪರ್ ಸಿಗುತ್ತದೆ ಎಂದು ಅಕ್ಕ ಒಮ್ಮೆಯೂ ಕೇಳಲಿಲ್ಲ. ಇಲ್ಲಿ ತಿಂಡಿ ತಿಂದು, ಗಡಿಯ ಕೊಡಿಕೊಂಡಕ್ಕೆ ಬಸ್ಸು ಹತ್ತಿ, ಚೆಕ್‌ಪೋಸ್ಟ್ ದಾಟಿ, ಕರ್ನಾಟಕದ ಕಡೆ ಲಾರಿಗಳು ನಿಲ್ಲುವಲ್ಲಿ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ವಿಮಾನ ಹಾರಿಸುವರು. ಅಲ್ಲಿ ಆಡಿದರೆ ಆಟ, ಇಲ್ಲಿ ಆಡಿದರೆ ಅಪರಾಧ ಎಂಬುದು ಅವರ ತಿಳುವಳಿಕೆ. ಕಾನೂನಿನ ತಿಳುವಳಿಕೆ ಏನಿತ್ತೋ ನಾನು ಕಾಣೆ.

ಕುತೂಹಲ ತಡೆಯಲಾರದೆ ಒಂದು ಭಾನುವಾರ ನಾನೂ ಹೋದೆ. ದಪ್ಪನೆಯ ಲಾರಿ ಡ್ರೈವರೊಬ್ಬ ಬಂದು ಕೂತಾಗ ಭಾವ ಬೆಂಚಿನ ತುದಿಗೆ ಸರಿದು, ಗಾಬರಿಯಿಂದ ಟೀ ಅಂಗಡಿಯವನನ್ನು ಕೇಳಿದರು: "ಈ ತುದಿನೂ ಕರ್ನಾಟಕನೇ ಏನಪ್ಪ?" ಅವನು, "ಬೆಂಚೆಲ್ಲಾ ಕರ್ನಾಟಕನೇ ಸಾಮಿ, ಟೀ ಕುಡೀರಿ" ಎಂದ. ಭಾವ ಐನೂರು ರೂಪಾಯಿ ಕಟ್ಟಿ ವಿಮಾನ ಬಿಟ್ಟರು. ಅಷ್ಟರಲ್ಲಿ ಟೀಯಲ್ಲಿ ನೊಣ ಬಿತ್ತು. ನೊಣವನ್ನು ಬೆರಳಲ್ಲಿ ಎತ್ತಿ, ಅದು ಬದುಕಿದೆಯೋ ಸತ್ತಿದೆಯೋ ನೋಡಿ, ಬೆರಳು ಒರೆಸಿಕೊಂಡು ಗುಂಡಿ ಒತ್ತುವಷ್ಟರಲ್ಲಿ ವಿಮಾನ ನಾನೂರು ಪಟ್ಟು ಮೇಲೇರಿತ್ತು. ಎರಡು ಲಕ್ಷ ರೂಪಾಯಿಯ ಕಾಯಿನ್ನು! ಬುದ್ಧಿ ಉಪಯೋಗಿಸಿ ಎರಡು ವರ್ಷ ಸೋತ ಮನುಷ್ಯ, ನೊಣ ಹಿಡಿದು ಗೆದ್ದರು.

ಬೇರೆಯವರಾದರೆ ಕುಣಿಯುತ್ತಿದ್ದರು. ಭಾವ ನೇರವಾಗಿ ಚೆಕ್‌ಪೋಸ್ಟಿಗೆ ನಡೆದರು. ನಾನು ಸೆರಗು ಹಿಡಿದುಕೊಂಡು ಹಿಂದೆ ಓಡಿದೆ.

"ಸಾರ್, ಕರ್ನಾಟಕದಿಂದ ಸರಕು ತರ್ತಾ ಇದೀನಿ. ಟ್ಯಾಕ್ಸ್ ಎಲ್ಲಿ ಕಟ್ಟಬೇಕು?"

ಕಾನ್‌ಸ್ಟೇಬಲ್ ಭಾವನ ಹಿಂದೆ ಲಾರಿ ಹುಡುಕಿದ. ಲಾರಿ ಇಲ್ಲ, ನಾನಿದ್ದೆ. "ಸರುಕು ಎಕ್ಕಡಯ್ಯಾ?" ಎಂದ, ಎಲ್ಲಿ ಸರಕು ಎಂದು ತೆಲುಗಿನಲ್ಲಿ.

"ಫೋನ್‌ಲೋ ಉಂದಿ ಸಾರ್." ಫೋನಿನಲ್ಲಿದೆಯಂತೆ!

ಕಾನ್‌ಸ್ಟೇಬಲ್ ನನ್ನತ್ತ ನೋಡಿದ ನೋಟದಲ್ಲಿ 'ಯಾವ ಆಸ್ಪತ್ರೆಯಿಂದ ಕರೆದುಕೊಂಡು ಬಂದೆಯಮ್ಮ' ಎಂಬ ಪ್ರಶ್ನೆಯಿತ್ತು. ನಾನು ಭಾವನನ್ನು ಎಳೆದು ಬಸ್ಸು ಹತ್ತಿಸಿದೆ.

ಇಷ್ಟು ಒಳ್ಳೆಯ ಕತೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದ ಆಗುತ್ತದೆಯೇ? ಅಕ್ಕನಿಗೆ ಫೋನ್ ಮಾಡಿ, ನಕ್ಕು ನಕ್ಕು ಎಲ್ಲ ಹೇಳಿಬಿಟ್ಟೆ. ಆ ಕಡೆಯಿಂದ ನಗು ಬರಲಿಲ್ಲ. ಮಾರನೆಯ ದಿನ ಎರಡು ಬಸ್ಸು ಬದಲಾಯಿಸಿ ಅಕ್ಕನೇ ಬಂದಳು, ಕೈಯಲ್ಲಿ ಬಟ್ಟೆಯ ಬ್ಯಾಗು. "ಆ ದುಡ್ಡು ಇರೋ ಮನೆಗೆ ನಾನು ಹೋಗಾಕಿಲ್ಲ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಎಲ್ಲಾ ಗೊತ್ತಿದ್ದೂ ನಿನ್ ಕೈಯಾರೆ ತಿಂಡಿ ಮಾಡ್ಕೊಟ್ಟು ಕಳಿಸ್ತಿದ್ದೇನೇ?" ಎಂದಳು. ನಾನು ಒಲೆಯ ಕಡೆ ತಿರುಗಿಕೊಂಡೆ.

ಭಾವ ಫೋನಿನಲ್ಲಿ ನನ್ನ ಮೂಲಕ ವಾದ ಮಂಡಿಸಿದರು. "ನಿಮ್ಮಕ್ಕನಿಗೆ ಹೇಳಮ್ಮ, ಟ್ಯಾಕ್ಸ್ ಕಟ್ಟಿದ್ಮೇಲೆ ಅದು ಜೂಜಿನ ದುಡ್ಡು ಹೆಂಗಾಯ್ತದೆ? ಸರ್ಕಾರನೇ ಪಾಲು ತಗೊಂಡ್ಮೇಲೆ ಅದು ಆದಾಯ! ರಸೀದಿ ತಂದು ಕೈಗೆ ಕೊಡ್ತೀನಿ." ಅಲ್ಲಿಯವರೆಗೆ ಒಂದು ಕಾಯಿನ್ನೂ ಮುಟ್ಟುವುದಿಲ್ಲ ಎಂದು ಹಟ ಹಿಡಿದರು. ಊರಿನ ರೆವಿನ್ಯೂ ಆಫೀಸರನ್ನು ಕೇಳಿದರೆ ಅವರು "ಎಷ್ಟು ಎಕರೆ?" ಎಂದರಂತೆ. ಕಂಬದೂರಿನ ಗೆಳೆಯರೊಬ್ಬರು, "ಎರಡು ರಾಜ್ಯಕ್ಕೂ ಅರ್ಧರ್ಧ ಕೊಟ್ಬುಡು, ಜಗಳನೇ ಇರಾಕಿಲ್ಲ" ಎಂದು ತೀರ್ಪು ಕೊಟ್ಟರಂತೆ. ಹೀಗೆ ಒಂದು ತಿಂಗಳು ಕಳೆಯಿತು. ಕೊನೆಗೆ ನಾನೇ ಭಾವನನ್ನು ಹಿಂದೂಪುರದ ಒಬ್ಬ ಆಡಿಟರ ಹತ್ತಿರ ಕರೆದುಕೊಂಡು ಹೋದೆ.

ಆಡಿಟರು ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು. "ಅಲ್ಲಯ್ಯಾ, ಆಂಧ್ರದಾಗೆ ಈ ಆಟ ಆಡೋದೇ ತಪ್ಪಲ್ವಾ?"

"ತಪ್ಪಾದ್ರೆ ಟ್ಯಾಕ್ಸಿಲ್ವಾ ಸಾರ್?"

"ತಪ್ಪಾದ್ರೂ ಟ್ಯಾಕ್ಸೈತೆ. ಇನ್‌ಕಮ್ ಟ್ಯಾಕ್ಸಿಗೆ ಆಂಧ್ರನೂ ಇಲ್ಲ, ಕರ್ನಾಟಕನೂ ಇಲ್ಲ. ಕಾಯಿನ್ನಾಗೆ ಬರ್ಲಿ, ಕಡ್ಲೆಕಾಯಾಗೆ ಬರ್ಲಿ, ಬಂದ ದಿವ್ಸ ಅದರ ಬೆಲೆ ಎಷ್ಟೋ ಅದಕ್ಕೆ ನೂರಕ್ಕೆ ಮೂವತ್ತು. ಮೇಲೆ ಸೆಸ್ಸು."

"ಹೋದ ವರ್ಷ ಸೋತಿದ್ದು ಕಳೀಬೋದಾ?"

"ಅದು ನಿಮ್ದು."

"ಈಗ ಕಾಯಿನ್ ರೇಟು ಬಿದ್ದೋಗೈತೆ. ಆ ನಷ್ಟ?"

"ಅದೂ ನಿಮ್ದೇ ಕಣಯ್ಯ!"

ಆಡಬೇಡ ಎನ್ನುವುದೂ ಸರ್ಕಾರವೇ, ಗೆದ್ದರೆ ಪಾಲು ಕೇಳುವುದೂ ಸರ್ಕಾರವೇ, ಸೋತಾಗ ಮಾತ್ರ ಗುರುತು ಹಿಡಿಯದ ನೆಂಟ. ಭಾವ ಅರ್ಜಿ ಬರೆಯುತ್ತ ಓಡಾಡುತ್ತಿದ್ದ ಆ ಒಂದು ತಿಂಗಳಲ್ಲಿ ಅವರ ಕಾಯಿನ್ನು ದಿನಕ್ಕಿಷ್ಟು ಬಿದ್ದು ಬಿದ್ದು ಎರಡು ಲಕ್ಷ ಹೋಗಿ ಅರವತ್ತು ಸಾವಿರ ಚಿಲ್ಲರೆಗೆ ಬಂದು ಕೂತಿತ್ತು. ಟ್ಯಾಕ್ಸು ಎಷ್ಟು? ಅದೂ ಅರವತ್ತು ಸಾವಿರ ಚಿಲ್ಲರೆ! "ಸುಮ್ನಿದ್ಬುಡಿ ಭಾವ, ಯಾರಿಗ್ಗೊತ್ತಾಗ್ತದೆ?" ಎಂದೆ ನಾನು. ಆಡಿಟರು ಕಿಟಕಿಯ ಕಡೆ ನೋಡುತ್ತಾ ಕೇಳಿಸದವರ ಹಾಗೆ ಕೂತಿದ್ದರು. ಭಾವ ಕೇಳಲಿಲ್ಲ. ಎಲ್ಲ ಮಾರಿ, ಅಷ್ಟನ್ನೂ ಕಟ್ಟಿದರು.

ಚಲನ್ ಹಿಡಿದುಕೊಂಡು ನಮ್ಮ ಮನೆಗೆ ಬಂದಾಗ ಅಕ್ಕ ಅಡುಗೆಮನೆ ಬಿಟ್ಟು ಬರಲಿಲ್ಲ. ಬಾಗಿಲ ಸಂದಿಯಿಂದ, "ಎಷ್ಟು ಉಳೀತು ಕೇಳೇ" ಎಂದಳು.

"ಏನೂ ಉಳೀಲಿಲ್ಲ ಅಂತ ಹೇಳಮ್ಮ" ಎಂದರು ಭಾವ.

ನನಗೆ ನಗು ತಡೆಯಲಾಗಲಿಲ್ಲ. ಒಂದು ತಿಂಗಳು ಅಲೆದು, ಹೆಂಡತಿಯನ್ನು ಮನೆ ಬಿಡಿಸಿ, ಕೊನೆಗೆ ಸಂಪಾದಿಸಿದ್ದು ಒಂದು ಹಾಳೆ! ಆದರೆ ಭಾವ ನಗಲಿಲ್ಲ. ಚಲನ್ ಅನ್ನು ನನಗೂ ತೋರಿಸದೆ ಮಡಿಸಿ ಜೇಬಿಗಿಟ್ಟುಕೊಂಡರು. ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ, ಮೊದಲ ಸಲ ನನ್ನನ್ನು ಬಿಟ್ಟು ನೇರವಾಗಿ ಅಕ್ಕನಿಗೇ ಹೇಳಿದರು.

"ಗೆದ್ದಿದ್ದು ಬಿಡು. ಅದಕ್ಕೆ ಮುಂಚೆ ಸೋತಿದ್ದೀನಿ, ನಲವತ್ತೊಂದು ಸಾವಿರ. ಮನೆ ಸುಣ್ಣಬಣ್ಣಕ್ಕೆ ಅಂತ ಇಟ್ಟಿದ್ದೆಯಲ್ಲ, ಅದು. ಭಾನುವಾರ ಸ್ಟಾಂಪ್ ಪೇಪರ್ ಸಿಗಾಕಿಲ್ಲ. ಸುಳ್ಳು ಹೇಳ್ಬುಟ್ಟೆ. ಇದಕ್ಕೆ ಯಾವ ಫಾರಮ್ಮೂ ಇಲ್ಲ, ಅದಕ್ಕೇ ನಾನೇ ಬಂದೆ."

ಒಗ್ಗರಣೆ ಸೀದ ವಾಸನೆ ಬಂತು. ಅಕ್ಕ ಒಲೆ ಆರಿಸಿ ಹೊರಗೆ ಬಂದಳು. ಗಂಡನ ಕಡೆ ನೋಡದೆ ನನಗೆ ಹೇಳಿದಳು. "ನಮ್ಮಪ್ಪ ಸಾಯೋಗಂಟ ಒಂದಿನಾನೂ ಸೋತೆ ಅಂತ ಹೇಳ್ಲಿಲ್ಲ ಕಣೇ. ದಿನಾ ಗೆದ್ದೇ ಬರೋರು. ಮಗ್ಗ ಎತ್ತಿಕೊಂಡು ಹೋಗಾಕೆ ಜನ ಬಂದಾಗ್ಲೇ ಅಮ್ಮಂಗೆ ಗೊತ್ತಾಗಿದ್ದು. ಒಂದು ಮಾತು ಹೇಳಿದ್ರೆ ಅಮ್ಮ ಏನೂ ಅಂತಿರ್ಲಿಲ್ಲ."

ಇಷ್ಟು ವರ್ಷ ಅಕ್ಕ ಸಿಟ್ಟು ಇಟ್ಟುಕೊಂಡಿದ್ದು ಇಸ್ಪೀಟಿನ ಮೇಲೆ ಎಂದು ನಾನು ತಿಳಿದಿದ್ದೆ. ನನಗೆ ನಾಚಿಕೆಯಾಯಿತು. ಭಾವ ಗೋಡೆಗೆ ಒರಗಿ, ಕನ್ನಡಕ ತೆಗೆದು, ಮೂಗು ಒರೆಸಿಕೊಳ್ಳುತ್ತಿದ್ದರು. ಅಕ್ಕ ಒಳಗೆ ಹೋಗಿ ಬಟ್ಟೆಯ ಬ್ಯಾಗು ತಂದು ಅವರ ಕೈಗೆ ಕೊಟ್ಟಳು.

"ಹಿಡ್ಕಳ್ಳಿ. ಕಡೇ ಬಸ್ಸು ಹೋಯ್ತದೆ" ಎಂದಳು.