ಕೊಟ್ರಮ್ಮನ ಹಬೆ, ನನ್ನ ಮಳೆ

ಗಾಳಿಯಲ್ಲಿ ಎಷ್ಟು ನೀರಿನ ಆವಿ ಇದೆ ಎಂದು ಲೇಸರ್ ಕಿರಣ ಬಿಟ್ಟು ಅಳೆಯುವ ವ್ಯಾನೊಂದು, ಎರಡು ಸಾವಿರದ ಇಸವಿಯ ಆಚೀಚೆ, ನಮ್ಮ ಕೊಟ್ಟೂರಿಗೆ ಬಂತು. ಅದಕ್ಕೆ ಜಾಗ ತೋರಿಸುವ ಗುರುತರ ಜವಾಬ್ದಾರಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರಾದ ನನ್ನ ಹೆಗಲಿಗೆ ಬಿತ್ತು. ಇಡೀ ಊರಿನಲ್ಲಿ ನನಗಿಂತ ತಕ್ಕವನಿಲ್ಲ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ!

"ಹೊಗೆ, ಧೂಳು, ಹಬೆ ಯಾವುದೂ ಇಲ್ಲದ ಬಯಲು ಬೇಕು, ಸರ್" ಎಂದರು ವ್ಯಾನಿನ ಜೊತೆ ಬಂದ ವಿಜ್ಞಾನಿ ಮೇಡಂ. ನಾನು ನಮ್ಮ ಮನೆಯ ಹಿಂದಿನ ಬಯಲನ್ನೇ ತೋರಿಸಿದೆ. ಊಟಕ್ಕೆ ಮನೆ ಹತ್ತಿರ. ನಾನು ವ್ಯಾನ್ ಹತ್ತಿ ಇಳಿಯುವುದು ಓಣಿಗೆಲ್ಲ ಕಾಣುತ್ತದೆ. ಪಕ್ಕದಲ್ಲೇ ಕೊಟ್ರಮ್ಮನ ಮಂಡಕ್ಕಿ ಭಟ್ಟಿ ಇತ್ತು, ನಿಜ. ಆದರೆ ಅವಳ ಗಂಡ ತೀರಿಕೊಂಡಾಗಿನಿಂದ ಅದು ಮುಚ್ಚಿತ್ತು.

ಮೂರನೇ ದಿನ ಕೊಟ್ರಮ್ಮ ಭಟ್ಟಿ ತೆರೆದಳು. ಹರಪನಹಳ್ಳಿಯ ಹೋಟೆಲಿನವರು ಮಂಡಕ್ಕಿಗೆ ಹೇಳಿದ್ದರಂತೆ. ಹೇಳಿದ ದಿನಕ್ಕೆ ಮುಟ್ಟಿಸಿದರೆ ವಾರವಾರವೂ ಅವಳದೇ ಮಾಲು. ತಪ್ಪಿದರೆ ಮತ್ತೆ ಬಾಗಿಲಿಗೆ ಬೀಗ. ಅವಳು ಹಂಡೆಗಳಲ್ಲಿ ಭತ್ತ ಬೇಯಿಸಿ ಅಂಗಳದ ತುಂಬ ಹರವಿದಳು. ಅದು ಗರಿಗರಿಯಾಗಿ ಒಣಗಿದರೆ ಮಾತ್ರ ಮುಂದೆ ಅಕ್ಕಿಯಾಗಿ, ಕಾದ ಮರಳಿನಲ್ಲಿ ಅರಳುತ್ತದೆ.

ಅವತ್ತೇ, ಹಂಡೆಗಳಿಗೆ ಬೆಂಕಿ ಹಚ್ಚುವ ಮುಂಚೆಯೇ, ಮೇಡಂ ಎರಡು ದಿನಕ್ಕೆಂದು ಕೂಡ್ಲಿಗಿಗೆ ಹೋದರು. ಯಂತ್ರ ತಾನಾಗಿ ನಡೆಯುತ್ತಿತ್ತು; ಅಂಕಿ ಬರೆದಿಡುವುದು ನನ್ನ ಕೆಲಸ. "ಕೆಳಗಿನ ಗಾಳಿಯಲ್ಲಿ ತೇವ ಹೆಚ್ಚಾದರೆ ಯಂತ್ರದ ಪರದೆ ಕೆಂಪಾಗುತ್ತದೆ. ಹಾಗಂತ ಮಳೆ ಬರುತ್ತೆ ಅಂತಲ್ಲ, ಸರ್" ಎಂದು ಹೇಳಿಯೇ ಹೋದರು. ನಾನು ಮೊದಲನೇ ವಾಕ್ಯವನ್ನು ಮಾತ್ರ ನೆನಪಿಟ್ಟುಕೊಂಡೆ.

ಮಧ್ಯಾಹ್ನ ಪರದೆ ಕೆಂಪಾಯಿತು! ನಾನು ಓಡಿದೆ.

"ಕೊಟ್ರಮ್ಮಾ, ಭತ್ತ ಗುಡ್ಡಿ ಹಾಕು! ಸಂಜಿಗೆ ಮಳಿ ಐತಿ!"

ಅವಳು ತಲೆ ಎತ್ತಿ ನೋಡಿದಳು. "ಮ್ಯಾಲೆ ಒಂದು ಮೋಡಾನೂ ಇಲ್ಲಲ್ರಿ ಮೇಷ್ಟ್ರೆ?"

"ನಿನ್ನ ಕಣ್ಣಿಗೆ ಕಾಣಂಗಿಲ್ಲ. ಲೇಸರ್‌ಗೆ ಕಾಣ್ತೈತಿ!"

"ಓದಿದೋರು ನೀವು. ನೀವು ಹೇಳಿದ ಮ್ಯಾಲೆ ಮುಗೀತು ಬಿಡ್ರಿ."

ಹಸಿ ಭತ್ತವನ್ನೆಲ್ಲ ಗುಡ್ಡೆ ಮಾಡಿ ಮೇಲೆ ತಾಡಪಾಲು ಹೊದಿಸಿದಳು. ಸುಮ್ಮನೆ ಕೂರುವುದೇಕೆಂದು ಉಳಿದ ಭತ್ತವನ್ನು ಇನ್ನೂ ನಾಲ್ಕು ಹಂಡೆಗಳಿಗೆ ಹಾಕಿ ಒಲೆ ಹೊತ್ತಿಸಿದಳು. ಪರದೆ ಇನ್ನಷ್ಟು ಕೆಂಪಾಯಿತು. ನಾನು ಇನ್ನಷ್ಟು ಜೋರಾಗಿ ಓಡಿದೆ. "ದೊಡ್ಡ ಮಳಿ! ತಾಡಪಾಲಿನ ಮ್ಯಾಲೆ ಕಲ್ಲು ಹೇರು!"

ಸಂಜೆ ಆಕಾಶ ತೊಳೆದಿಟ್ಟ ತಾಟಿನಂತಿತ್ತು. ನನ್ನ ಹೆಂಡತಿ ಗಿರಿಜಾ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದಳು.

"ಮಳಿ ಎಲ್ರಿ?"

"ಬರ್ತೈತಿ. ದಾರಿಯಾಗೈತಿ."

"ಯಾವ ಬಸ್ಸಿಗೆ?"

ವಿಜ್ಞಾನದ ಗಂಧವಿಲ್ಲದವರ ಜೊತೆ ವಾದಿಸುವುದು ನನ್ನ ಘನತೆಗೆ ತಕ್ಕದ್ದಲ್ಲವೆಂದು ಮತ್ತೆ ವ್ಯಾನ್ ಹತ್ತಿದೆ. ಮರುದಿನವೂ ಹಂಡೆಗಳು ಕುದಿದವು, ಪರದೆ ಕೆಂಪಾಯಿತು. ಕೊಟ್ರಮ್ಮ ತಾಡಪಾಲಿಗೆ ಕೈ ಹಾಕಿದಾಗ ನಾನೇ ಬೇಲಿ ಹಾರಿ ಹೋಗಿ ತಡೆದೆ. ಪಂಚೆ ಹರಿದದ್ದು ಅವತ್ತಿನ ಅತಿ ಸಣ್ಣ ನಷ್ಟ.

ಅದರ ಮಾರನೆಯ ಬೆಳಿಗ್ಗೆ ಓಣಿಯೆಲ್ಲ ಹುಳಿ ವಾಸನೆ. ಕೊಟ್ರಮ್ಮ ತಾಡಪಾಲು ಸರಿಸಿ ಗುಡ್ಡೆಯೊಳಗೆ ಕೈ ತೂರಿಸಿ ತಕ್ಷಣ ಹಿಂದಕ್ಕೆ ತೆಗೆದಳು. ಒಳಗೆ ಭತ್ತ ಕಾವು ಏರಿ ಕೊಳೆಯುತ್ತಿತ್ತು. ಒಂದು ಹಿಡಿ ಎತ್ತಿ ಮೂಸಿ ನೋಡಿ ಮತ್ತೆ ಅಲ್ಲೇ ಹಾಕಿದಳು.

ಅಷ್ಟರಲ್ಲಿ ಮೇಡಂ ಬಂದರು. ಪರದೆ ನೋಡಿದರು, ಕಿಟಕಿಯಾಚೆ ಹಂಡೆಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಸರ್, ಇದು ಆಕಾಶದ ತೇವ ಅಲ್ಲ. ಆ ಹಂಡೆಗಳದು."

ಅಂದರೆ ನಾನು ಎರಡು ದಿನ ಭತ್ತ ಬೇಯುವ ಹಬೆಯನ್ನು ಲೇಸರಿನಿಂದ ಅಳೆದು, ಅದರಲ್ಲಿ ಮಳೆ ಕಂಡು, ಆ ಮಳೆಗೆ ಹೆದರಿ ಅದೇ ಭತ್ತವನ್ನು ಮುಚ್ಚಿಸಿದ್ದೆ! ಕೇಳಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಇವತ್ತಿಗೂ ನಗು ಬಂದಿಲ್ಲ.

"ಬ್ಯಾರೆ ಭತ್ತ ನಾನು ತಂದು ಕೊಡ್ತೀನಮ್ಮ" ಎಂದೆ.

"ಭತ್ತ ಸಿಗ್ತೈತ್ರಿ ಮೇಷ್ಟ್ರೆ. ಹೋದ ದಿನ ಎಲ್ಲಿಂದ ತರ್ತೀರಿ?"

ಹೋಟೆಲಿನವರು ಬೇರೆ ಭಟ್ಟಿಗೆ ಹೇಳಿದರು. ಕೊಟ್ರಮ್ಮ ಒಲೆಯ ಬೂದಿ ಬಳಿದು ಬಾಗಿಲಿಗೆ ಬೀಗ ಹಾಕಿದಳು. ಹಬೆ ನಿಂತಿತು, ಯಂತ್ರದ ಅಳತೆ ಬಹಳ ಚೆನ್ನಾಗಿ ಬಂತು. ತಿಂಗಳ ನಂತರ ಶಾಲೆಗೆ ಒಂದು ಪತ್ರ: "ಪರಿಶುದ್ಧ ಸ್ಥಳ ಒದಗಿಸಿಕೊಟ್ಟ ತಮಗೆ ಕೃತಜ್ಞತೆಗಳು." ಹೆಡ್‌ಮಾಸ್ಟರ್ ಅದಕ್ಕೆ ಕಟ್ಟು ಹಾಕಿಸಿ ನನ್ನ ಕುರ್ಚಿಯ ಎದುರಿಗೇ ನೇತುಹಾಕಿದರು.

ಕೊಟ್ರಮ್ಮ ಈಗ ಬೇರೆಯವರ ಭಟ್ಟಿಗೆ ಕೂಲಿಗೆ ಹೋಗುತ್ತಾಳೆ. ಒಂದು ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ನಿಂತಳು. ಆಕಾಶದಲ್ಲಿ ನಿಜವಾದ ಮೋಡವಿತ್ತು.

"ಮೇಷ್ಟ್ರೆ, ಮಳಿ ಬರ್ತೈತೇನ್ರಿ?"

ವ್ಯಂಗ್ಯವಾಗಿ ಕೇಳಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನಂಬಿಯೇ ಕೇಳಿದ್ದಳು. ನಾನು ಬಾಯಿ ತೆರೆದೆ. ಒಳಗಿನಿಂದ ಗಿರಿಜಾ ಕೆಮ್ಮಿದಳು.

"ಗೊತ್ತಿಲ್ಲಮ್ಮ" ಎಂದೆ.

ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವನು ಕೊಟ್ರಮ್ಮನಿಗೆ ಕೊಟ್ಟ ಸರಿಯಾದ ಉತ್ತರ ಅದೊಂದೇ. ಅದನ್ನು ಹೇಳಲು ಲೇಸರ್ ಬೇಕಿರಲಿಲ್ಲ.