ಅಕ್ಕವ್ವನ ಬೂಸ್ಟರ್ ಕಾರ್ಯ

ಮನುಷ್ಯನಿಗೆ ಹದಿನಾರು ಸಂಸ್ಕಾರಗಳು ಎಂದು ಬಲ್ಲವರು ಹೇಳುತ್ತಾರೆ. ಸುಳ್ಳು! ಹದಿನೇಳು. ಹದಿನೇಳನೆಯದನ್ನು ಬೆಳಗಾವಿಯ ಶಹಾಪುರದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ನಮ್ಮ ಅಕ್ಕವ್ವ ಸ್ಥಾಪಿಸಿದಳು. ಅದರ ಹೆಸರು ಬೂಸ್ಟರ್. ತೊಟ್ಟಿಲು, ಜಾವಳ, ಕಿವಿ ಚುಚ್ಚುವುದು ಎಲ್ಲ ಮುಗಿದು, ಕೂಸು ಓಡಲು ಕಲಿತು, ಹಿಡಿಯುವವರ ಕೈಗೆ ಸಿಗದಂತಾದಾಗ ಈ ಸಂಸ್ಕಾರದ ವೇಳೆ ಬಂತೆಂದು ತಿಳಿಯಬೇಕು.

ಅಕ್ಕವ್ವ ಅಂದರೆ ನಮ್ಮಪ್ಪನ ಅಕ್ಕ. ಅಪ್ಪ ಕರೆದಂತೆ ಮನೆಮಂದಿಯೂ, ಮನೆಮಂದಿ ಕರೆದಂತೆ ಇಡೀ ಓಣಿಯೂ ಅವಳನ್ನು ಅಕ್ಕವ್ವ ಎಂದೇ ಕರೆಯುತ್ತಿತ್ತು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಂದವಳು ಮೂಲೆ ಹಿಡಿದು ಕೂತಳೇ? ಎಲ್ಲಿಯ ಮಾತು! ಮನೆಯನ್ನೇ ಆಳಿದಳು. ಅವಳಿಗಿದ್ದದ್ದು ಒಂದೇ ಹಟ, ಅದಕ್ಕೆ ಎರಡು ಕಲಮು. ನಮ್ಮ ಬಳಗದ ಒಂದು ಕೂಸೂ ಬೂಸ್ಟರ್ ತಪ್ಪಿಸಬಾರದು. ಸೂಜಿಯನ್ನು ಯಾವ ಡಾಕ್ಟರಾದರೂ ಚುಚ್ಚಲಿ, ಆಮೇಲಿನ ಆರತಿ ಮಾತ್ರ ತನ್ನ ಕೈಯಿಂದಲೇ ಆಗಬೇಕು! ಈ ಎರಡನೆಯ ಕಲಮನ್ನು ನಾವೆಲ್ಲ ಅಕ್ಕವ್ವನ ಡೌಲು ಎಂದು ನಗುತ್ತಿದ್ದೆವು.

ಇದೆಲ್ಲ ಶುರುವಾದದ್ದು ನನ್ನ ತಮ್ಮನಿಂದ. ನಾನಾಗ ಲಂಗ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ. ತಮ್ಮನಿಗೆ ಮೂರು ಸೂಜಿಗಳು ಆಗಿದ್ದವು. ನಾಲ್ಕನೆಯದಕ್ಕೆ ಕರೆದುಕೊಂಡು ಬನ್ನಿ ಎಂದು ಓಣಿಯ ಡಾಕ್ಟರು ಹೇಳಿದ್ದೇ ತಡ, ಅಕ್ಕವ್ವ ವಿಚಾರಣೆಗೆ ನಿಂತಳು.

“ಮೂರು ಹಾಕೀರಲ್ರಿ ಡಾಕ್ಟರ, ಮತ್ತೊಂದು ಯಾಕ?”

ಡಾಕ್ಟರು ಸಮಾಧಾನದ ಮನುಷ್ಯ. “ಅಕ್ಕಾರ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಮೂರಕ್ಕೂ ಕೂಡಿ ಒಂದ ಔಷಧರೀ ಇದು. ಮೊದಲಿನ ಮೂರು ಸೂಜಿ ಅಂದ್ರ ದೀಪ ಹಚ್ಚಿದಂಗ. ಹಚ್ಚಿ ಬಿಟ್ರ ಆತೇನ್ರಿ? ನಡುವ ಎಣ್ಣಿ ಹಾಕಬೇಕಲ್ಲ? ಅದ ಬೂಸ್ಟರ್.”

ಪಾಪ, ಆಡಬಾರದ ಮಾತನ್ನು ಆಡಿಬಿಟ್ಟರು! ದೀಪ ಎಂದ ಮೇಲೆ ಅಕ್ಕವ್ವ ಸುಮ್ಮನೆ ಬಿಟ್ಟಾಳೆಯೇ?

“ದೀಪ ಅಂದ್ರಿ, ಎಣ್ಣಿ ಅಂದ್ರಿ. ಹಂಗಾದ್ರ ಆರತಿನೂ ಮಾಡಬೇಕಲ್ರಿ!”

“ಮನ್ಯಾಗ ಏನ್ ಬೇಕಾದ್ದ ಮಾಡ್ಕೋರ್ರಿ ಅಕ್ಕಾರ. ನನ್ನ ದವಾಖಾನ್ಯಾಗ ಮಾತ್ರ ಬ್ಯಾಡ.”

ಅಪ್ಪಣೆ ಸಿಕ್ಕಿತು. ಅಕ್ಕವ್ವ ಮನೆಗೆ ಬಂದವಳೇ ಪಂಚಾಂಗ ತೆಗೆಸಿದಳು. ಅಮಾವಾಸ್ಯೆ ಬೇಡ, ಶನಿವಾರ ಬೇಡ, ರಾಹುಕಾಲ ಬೇಡ. ಎಲ್ಲ ಕಳೆದು ಒಂದು ಸೋಮವಾರವನ್ನು ಆರಿಸಿದರೆ, ಡಾಕ್ಟರು ತಮಗೆ ಬರ್ಫದ ಡಬ್ಬಿಯಲ್ಲಿ ಔಷಧ ಬರುವುದೇ ಗುರುವಾರ ಎಂದುಬಿಟ್ಟರು. ಅಕ್ಕವ್ವ ಸೋಲುವವಳಲ್ಲ. “ಗುರುವಿನ ವಾರ! ಅದಕ್ಕಿಂತ ಛಲೋ ದಿನ ಯಾವುದೈತಿ?” ಎಂದು ಸೋಮವಾರವನ್ನು ಅಲ್ಲೇ ಕೈಬಿಟ್ಟಳು.

ಆ ದಿನ ದವಾಖಾನೆಯಲ್ಲಿ ಅವಳನ್ನು ನೋಡಬೇಕಿತ್ತು. ಆಗಿನ್ನೂ ಗಾಜಿನ ಸಿರಿಂಜು, ಉಕ್ಕಿನ ಸೂಜಿ. ಸ್ಟೋವಿನ ಮೇಲೆ ಡಬ್ಬಿಯಲ್ಲಿ ಅವು ಕುದಿಯುತ್ತಿದ್ದವು. ಅಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಡಬ್ಬಿಯೊಳಗೆ ಇಣುಕಿದಳು.

“ತಡೀರಿ ಡಾಕ್ಟರ, ಅವಸರ ಮಾಡಬ್ಯಾಡ್ರಿ. ಇನ್ನೊಂದ್ ಕುದಿ ಬರ್ಲಿ.”

“ಅಕ್ಕಾರ, ಇದು ಬ್ಯಾಳಿ ಅಲ್ರಿ.”

“ಬ್ಯಾಳಿ ಅರೆಬರೆ ಬೆಂದ್ರ ಹೊಟ್ಟಿ ನೋಯತೈತಿ ಅಷ್ಟ. ಇದು ಕೂಸಿನ ತೊಡ್ಯಾಗ ಹೋಗೂದ್ರಿ!”

ಡಾಕ್ಟರು ಸ್ಟೋವಿಗೆ ಇನ್ನೆರಡು ಪಂಪು ಹೊಡೆದರು. ಇನ್ನೊಂದು ಕುದಿ ಬಂತು. ಸೂಜಿ ಬಿತ್ತು. ತಮ್ಮ ಕಿರುಚಿದ ಕಿರುಚಾಟಕ್ಕೆ ಹೊರಗೆ ಕೂತಿದ್ದ ರೋಗಿಗಳಿಬ್ಬರು ಗುಣವಾಗಿ ಎದ್ದು ಹೋದರು. ನಮ್ಮವ್ವ ಕಣ್ಣೀರು ಹಾಕಿದಳು. ಅಕ್ಕವ್ವ ಮಾತ್ರ ಖುಷಿಯಿಂದ ಚಪ್ಪಾಳೆ ತಟ್ಟಿದಳು. “ಹತ್ತಿತು! ಔಷಧ ಹತ್ತಿತು! ಅಳಲಿಲ್ಲ ಅಂದ್ರ ಒಳಗ ಹೋಗಿಲ್ಲ ಅಂತ ತಿಳೀಬೇಕು.” ಈ ಸಿದ್ಧಾಂತವನ್ನು ಯಾವ ವೈದ್ಯಶಾಸ್ತ್ರದಿಂದ ತೆಗೆದಳೋ ದೇವರೇ ಬಲ್ಲ.

ಮನೆಯಲ್ಲಿ ಗೋಧಿ ಹುಗ್ಗಿ ತಯಾರಿತ್ತು. ತಮ್ಮನನ್ನು ಮಣೆಯ ಮೇಲೆ ಕೂರಿಸಬೇಕೆಂದರೆ ಅವನು ಕೂರುವ ಸ್ಥಿತಿಯಲ್ಲಿರಲಿಲ್ಲ. ಅವ್ವ ಎತ್ತಿಕೊಂಡು ನಿಂತಳು. ಅಕ್ಕವ್ವ ಆರತಿ ಬೆಳಗುತ್ತ ಹೊಸ ಸೋಬಾನೆಯನ್ನೇ ಕಟ್ಟಿ ಹಾಡಿದಳು:

ಕುದಿಯುವ ನೀರಾಗ ಮಿಂದು ಬಂದಾಳ ಸೂಜಿ
ಕಂದನ ತೊಡಿಯಾಗ ಕುಂತಾಳ, ನಾಯಿಕೆಮ್ಮಿಗಿ
ಗಂಟ ಕಟ್ಟಿ ಊರ ಬಿಡಂದಾಳ, ಸೋ!

ಅಲ್ಲಿಂದ ಮುಂದೆ ಬಳಗದಲ್ಲಿ ಯಾವ ಕೂಸಿಗೆ ಒಂದೂವರೆ ವರ್ಷವಾದರೂ ಅಕ್ಕವ್ವ ತಾಟು ಹಿಡಿದುಕೊಂಡು ಹಾಜರು. ಬರುಬರುತ್ತ ಜನ ಕೂಸಿಗೆ ಅಂಗಿ ಟೊಪ್ಪಿಗೆಯ ಆಯಾರವನ್ನೂ ತರತೊಡಗಿದರು. ನಮ್ಮ ಓಣಿಯ ಮಕ್ಕಳಂತೂ ಅಕ್ಕವ್ವ ನಕ್ಕರೆ ಸಾಕು, ಎರಡೂ ಕೈಯಿಂದ ತೊಡೆ ಮುಚ್ಚಿಕೊಂಡು ಓಡುತ್ತಿದ್ದವು.

ಆ ಮಕ್ಕಳಿಗೂ ಒಂದು ಒಳ್ಳೆಯ ದಿನ ಬಂತೆನ್ನಿ. ಸಂತೆಯಿಂದ ಬರುವಾಗ ಅಕ್ಕವ್ವನ ಕಾಲಿಗೆ ತುಕ್ಕು ಹಿಡಿದ ಮೊಳೆ ನೆಟ್ಟಿತು. ಧನುರ್ವಾಯುವಿನ ಸೂಜಿ ಬೇಕೇ ಬೇಕು ಎಂದರು ಡಾಕ್ಟರು. “ನನಗ್ಯಾಕ್ರಿ? ನಾ ಏನ್ ಕೂಸೇನ್ರಿ? ಅರಿಷಿಣ ಒತ್ತೇನಿ, ಸಾಕ್ರಿ” ಎಂದು ಅಕ್ಕವ್ವ ಕುಂಟುತ್ತಲೇ ಬಾಗಿಲ ಕಡೆ ಜಾರಿದಳು. ಅಪ್ಪ ಅಡ್ಡ ನಿಂತರು. ಸುದ್ದಿ ಹೇಗೆ ಹಬ್ಬಿತೋ, ಓಣಿಯ ಮಕ್ಕಳೆಲ್ಲ ದವಾಖಾನೆಯ ಕಿಟಕಿಗೆ ಜೋತುಬಿದ್ದವು. ಅಷ್ಟು ಮಂದಿಯ ಎದುರು ಅಳುವುದುಂಟೇ? ಅಕ್ಕವ್ವ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಒಂದು ಹನಿಯನ್ನೂ ಹೊರಗೆ ಬಿಡದೆ ಸೂಜಿ ಹಾಕಿಸಿಕೊಂಡಳು. ಕಿಟಕಿಯಿಂದ ಒಕ್ಕೊರಲಿನ ಕೂಗು ಬಂತು:

“ಅಕ್ಕವ್ವ ಅಳಲಿಲ್ರೀ! ಔಷಧ ಒಳಗ ಹೋಗಿಲ್ಲ! ಡಾಕ್ಟರ್ರ, ಇನ್ನೊಂದು ಚುಚ್ಚರ್ರಿ!”

ಇಷ್ಟಾದರೂ ಅವಳ ಕೀರ್ತಿ ಖಾನಾಪುರ ತಾಲೂಕಿನ ಜಾಂಬೋಟಿಯವರೆಗೆ ಹಬ್ಬಿತು. ಅಲ್ಲಿ ಭತ್ತದ ಗದ್ದೆ ಮಾಡಿಕೊಂಡಿದ್ದ ನಮ್ಮ ದೂರದ ಬಳಗದವರು ಒಮ್ಮೆ ನಮ್ಮಲ್ಲಿ ಬೂಸ್ಟರ್ ಕಾರ್ಯ ಉಂಡು ಹೋಗಿದ್ದರು. ಕೆಲವು ತಿಂಗಳಿಗೆ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸಿದರು. “ನಮ್ಮ ಮೊಮ್ಮಗನ ಬೂಸ್ಟರ್ ಐತಿ, ಎಲ್ಲಾರೂ ಬರಬೇಕು.” ಅಕ್ಕವ್ವನ ಹೆಮ್ಮೆ ಕೇಳಬೇಕೆ! ಸುರಿವ ಮಳೆಯಲ್ಲಿ ನಮ್ಮನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಹೋದಳು.

ಹೋಗಿ ನೋಡಿದರೆ ಬಾಗಿಲಿಗೆ ತೋರಣ, ಅಂಗಳಕ್ಕೆ ಚಪ್ಪರ. ಕೂಸಿಗೆ ಜರಿ ಟೊಪ್ಪಿಗೆ, ಕಣ್ಣಿಗೆ ಕಾಡಿಗೆ. ಹುಗ್ಗಿಯ ಕೊಪ್ಪರಿಗೆ ಒಲೆಯ ಮೇಲೆ. ಸೂಜಿಯ ಸೋಬಾನೆಯನ್ನು ಹೆಂಗಸರು ಅಕ್ಷರ ತಪ್ಪದೆ ಹಾಡುತ್ತಿದ್ದರು. ಅಕ್ಕವ್ವ ಸುತ್ತಲೂ ನೋಡಿದಳು.

“ಎಲ್ಲಾ ಛಲೋ ಆಗೇತಿ. ಡಾಕ್ಟರು ಎಲ್ಲಿ?”

“ಯಾವ ಡಾಕ್ಟರು?” ಎಂದ ಮನೆಯ ಯಜಮಾನ.

“ಸೂಜಿ ಹಾಕೂ ಡಾಕ್ಟರೋ ಮಾರಾಯಾ!”

“ಸೂಜಿ ಯಾಕಬೇ ಅಕ್ಕವ್ವ? ಮೂರೂ ಸೂಜಿ ಆಗ್ಯಾವು, ಕೂಸು ಗುಂಡಗಲ್ಲಿನಂಗ ಐತಿ. ಶುಭಕಾರ್ಯದಾಗ ಅದನ್ನ ಅಳಸೂದ್ಯಾಕ ಅಂತ ಅದೊಂದು ಬಿಟ್ಟೀವಿ.”

ಕೇಳಿದಿರಾ! ಆರತಿ ಉಂಟು, ಹಾಡು ಉಂಟು, ಹುಗ್ಗಿ ಉಂಟು, ಆಯಾರ ಉಂಟು. ಬೂಸ್ಟರ್ ಒಂದೇ ಇಲ್ಲ! ಅಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಜರಿ ಟೊಪ್ಪಿಗೆ ಸಮೇತ ಕೂಸನ್ನು ಬಗಲಿಗೆ ಏರಿಸಿ, ಖಾನಾಪುರಕ್ಕೆ ಹೊರಟಿದ್ದ ಬಸ್ಸನ್ನು ರಸ್ತೆಯ ನಡುವೆ ನಿಂತು ತಡೆದಳು. ಅವಳ ಹಿಂದೆ ಕೂಸಿನ ತಾಯಿ, ತಾಯಿಯ ಹಿಂದೆ ಯಜಮಾನ, ಅವನ ಹಿಂದೆ ಉಟ್ಟ ರೇಷ್ಮೆಯಲ್ಲೇ ಇಡೀ ಚಪ್ಪರ! ಖಾನಾಪುರದ ದವಾಖಾನೆಯ ನರ್ಸಬಾಯಿ ಗಾಬರಿಯಾಗಿ, “ಲಗ್ನದ ಮನಿ ಬಾಜುಕ ಐತ್ರಿ, ಇದು ದವಾಖಾನಿ” ಎಂದರಂತೆ. ಅಂದು ನಾವು ಹುಗ್ಗಿ ಉಂಡಾಗ ಮಧ್ಯಾಹ್ನದ ಊಟದ ಹೊತ್ತು ಮೀರಿ ಸಂಜೆಯಾಗಿತ್ತು. ಆದರೆ ಕೂಸು ಅತ್ತಿತ್ತು, ಅಕ್ಕವ್ವ ಆರತಿ ಮಾಡಿದ್ದಳು.

ಮುಂದೆ ನನ್ನನ್ನು ಅದೇ ಖಾನಾಪುರಕ್ಕೆ ಕೊಟ್ಟರು. ನಮ್ಮ ಅತ್ತೆಯವರು ಗಂಡ ತೀರಿದ ಮೇಲೆ ಒಬ್ಬರೇ ನಿಂತು ಮಗನನ್ನು ಬೆಳೆಸಿದವರು. ಮಾತು ಕಡಿಮೆ, ಪದ್ಧತಿ ಜಾಸ್ತಿ. ನನ್ನ ಮಗಳಿಗೆ ಒಂದೂವರೆ ವರ್ಷವಾಯಿತು. ಬೂಸ್ಟರ್ ಮಾತೆತ್ತಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ.

“ಮೂರು ಸಲ ಚುಚ್ಚಿಸೀರಿ, ಸಾಕು. ಕೂಸೇನು ಜರಡಿ ಏನವಾ?”

ಗಂಡ ನನ್ನ ಮುಖ ನೋಡಿದರು, ಅವರ ತಾಯಿಯ ಮುಖ ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಬಜಾರಿಗೆ ಹೋದರು. ಮಗಳ ಸೂಜಿ ತಪ್ಪಿತೆಂದು ನನಗೆ ದಿಗಿಲಾಯಿತು. ಬೆಳಗಾವಿಗೆ ಸುದ್ದಿ ಮುಟ್ಟಿಸಿದೆ. ಮರುದಿನದ ಬೆಳಗಿನ ರೈಲಿಗೆ ಅಕ್ಕವ್ವ ಇಳಿದಳು. ಕೈಯಲ್ಲಿ ಅರಿವೆ ಸುತ್ತಿದ ಆರತಿ ತಾಟು! ದಾರಿಯ ದೇಸೂರು ಸ್ಟೇಶನ್ ದಾಟುವವರೆಗೆ ಪಕ್ಕದಲ್ಲಿ ಕೂತವರನ್ನೆಲ್ಲ ಅವರ ಮೊಮ್ಮಕ್ಕಳ ಸೂಜಿಯ ಹಿಸೇಬು ಕೇಳಿಕೊಂಡೇ ಬಂದಿದ್ದಳು.

ಬೀಗಿತ್ತಿಯರಿಬ್ಬರೂ ಚಹಾ ಕುಡಿದರು. ಮಳೆ ಬೆಳೆ ಮಾತಾಯಿತು. ಆಮೇಲೆ ಅಕ್ಕವ್ವ ವಿಷಯಕ್ಕೆ ಬಂದಳು.

“ಬೀಗರ, ನಾಯಿಕೆಮ್ಮು ಕೇಳೀರೇನ್ರಿ?”

“ಇಲ್ರಿ. ನಮ್ಮ ಮನ್ಯಾಗ ದೇವರ ದಯಾದಿಂದ ಯಾರಿಗೂ ಬಂದಿಲ್ಲ.”

“ಕೇಳ್ರಿ ಹಂಗಾದ್ರ.”

ಎಂದವಳೇ ಪಡಸಾಲೆಯ ನಡುವೆ ಕೂತು ಕೆಮ್ಮಲು ಶುರುಮಾಡಿದಳು. ಅಬ್ಬಾ! ಒಂದರ ಬೆನ್ನಿಗೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು; ನಡುವೆ ಉಸಿರಿಗೆ ಜಾಗವೇ ಇಲ್ಲ. ಮುಖ ಕೆಂಪಾಯಿತು, ಕಣ್ಣು ಹೊರಗೆ ಬಂದವು, ಕೊರಳ ನರ ಉಬ್ಬಿದವು. ಕಡೆಗೆ “ಹೂ...ಪ್” ಎಂದು ಎಳೆದ ಉಸಿರಿಗೆ ತೊಲೆಯ ಮೇಲಿನ ಗುಬ್ಬಿಗಳು ಹಾರಿಹೋದವು! ಓಣಿಯ ಹೆಂಗಸರು ಓಡಿ ಬಂದರು. ಒಬ್ಬಾಕೆ ಕಲ್ಲುಸಕ್ಕರೆ, ಒಬ್ಬಾಕೆ ಶುಂಠಿ. ಎದುರುಮನೆಯ ಮರಾಠಿ ಅಜ್ಜಿ “ಅಗಬಾಯಿ, ಕಾಯ್ ಝಾಲಂ?” ಎನ್ನುತ್ತ ಅಕ್ಕವ್ವನ ಬೆನ್ನಿಗೆ ಗುದ್ದತೊಡಗಿದಳು. ಅತ್ತೆ ನೀರಿನ ತಂಬಿಗೆ ಹಿಡಿದು ಅಡುಗೆಮನೆಯಿಂದ ಓಡಿ ಬಂದರು.

ಅಕ್ಕವ್ವ ಥಟ್ಟನೆ ಕೆಮ್ಮು ನಿಲ್ಲಿಸಿ ನೀರು ಕುಡಿದಳು.

“ಹಿಂಗ ನೋಡ್ರಿ ಬೀಗರ. ಇಕಿ ಅಪ್ಪ ಸಣ್ಣಾಂವ ಇದ್ದಾಗ ಮಳಿಗಾಲ ಪೂರಾ ಹಿಂಗ ಕೆಮ್ಮಿದ. ಬಗಲಾಗ ಹೊತ್ಕೊಂಡು ಅಡ್ಡಾಡೀನಿ. ಉಂಡಿದ್ದೆಲ್ಲಾ ನನ್ನ ಮೈಮ್ಯಾಲ. ಪ್ರತಿ ಸಲ ಉಸಿರು ಹೊಳ್ಳಿ ಬರತೈತೋ ಇಲ್ಲೋ ಅಂತ ಅಂವನ ಮಾರಿ ನೋಡಕೋತ ನಿಂತಿರ್ತಿದ್ನಿ. ಆ ಸಪ್ಪಳ ನನಗ ಬಾಯಿಪಾಠರೀ.”

ಅತ್ತೆ ಖಾಲಿ ತಂಬಿಗೆ ಕೆಳಗಿಟ್ಟರು. ಅಂಗಳದಲ್ಲಿ ಬೆಕ್ಕಿನ ಬಾಲ ಹಿಡಿದು ಆಡುತ್ತಿದ್ದ ಮೊಮ್ಮಗಳನ್ನು ನೋಡಿದರು. ಆಮೇಲೆ ಸೀರೆ ಸರಿಪಡಿಸಿಕೊಂಡು, “ದವಾಖಾನಿ ಎಷ್ಟೊತ್ತಿಗೆ ತಗೀತೈತ್ರಿ?” ಎಂದರು.

ಸೂಜಿ ಆಯಿತು. ನನ್ನ ಮಗಳು ಅತ್ತದ್ದು ಮಲಪ್ರಭೆಯ ಆಚೆ ದಂಡೆಗೂ ಕೇಳಿಸಿರಬೇಕು. “ಹತ್ತಿತು!” ಎಂದು ಅಕ್ಕವ್ವ ಕುಣಿದಳು. ಮನೆಗೆ ಬಂದರೆ, ಕೆಮ್ಮಿಗೆ ಕೂಡಿದ್ದ ಹೆಂಗಸರು, ಅಕ್ಕವ್ವ ಹೋಗುವಾಗ ಒಲೆಗೇರಿಸಿದ್ದ ಹುಗ್ಗಿಯ ವಾಸನೆಗೆ, ಇನ್ನೂ ಹೋಗಿರಲಿಲ್ಲ. ಅಕ್ಕವ್ವ ಅರಿವೆ ಬಿಚ್ಚಿ ತಾಟಿನಲ್ಲಿ ದೀಪ ಹಚ್ಚಿದಳು. ಆಗ ಅತ್ತೆ ಎಂದರು:

“ಮುತ್ತೈದೇರು ಮುಂದ ಬರ್ರೆವಾ, ಆರತಿ ಹಿಡೀರಿ.”

ಯಾರನ್ನೂ ನೋಯಿಸಲು ಹೇಳಿದ್ದಲ್ಲ. ದೀಪ ಹಚ್ಚಿದಾಗ ಹೇಳಿ ಅಭ್ಯಾಸವಾದ ಮಾತು. ಹೇಳಿ, ತಾವೇ ಸೆರಗು ಹೊದ್ದುಕೊಂಡು ಅಡುಗೆಮನೆಯ ಬಾಗಿಲಿಗೆ ಸರಿದು ನಿಂತರು. ಅವರದೇ ಮನೆ, ಅವರದೇ ಮೊಮ್ಮಗಳು.

ಅಕ್ಕವ್ವ ತಾಟನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಈಗ ಬೀಗರ ಮನೆಯಲ್ಲಿ ರಂಪವಾಗುತ್ತದೆ ಎಂದು ಅವಳ ಮುಖ ನೋಡಿದೆ. ಅವಳು ಮುತ್ತೈದೆಯರ ಕಡೆ ನೋಡುತ್ತಲೇ ಇರಲಿಲ್ಲ. ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದಳು. ಆಗ ನನಗೆ ಹೊಳೆಯಿತು. ತಮ್ಮನ ತೊಟ್ಟಿಲಲ್ಲಿ, ಜಾವಳದಲ್ಲಿ, ನನ್ನ ಮದುವೆಯಲ್ಲಿ ಅಡುಗೆಯೆಲ್ಲ ಅವಳ ಕೈಯದು. ಆರತಿಯ ಹೊತ್ತಿಗೆ ಅವಳು ಇರುತ್ತಿದ್ದದ್ದು ಇಂಥದೇ ಬಾಗಿಲಲ್ಲಿ. ನಾವು ಡೌಲು ಎಂದದ್ದು ಡೌಲಾಗಿರಲಿಲ್ಲ.

ಅಕ್ಕವ್ವ ತಾಟು ಹಿಡಿದು ಸೀದಾ ಬಾಗಿಲಿಗೆ ಹೋದಳು.

“ಹಿಡೀರಿ ಬೀಗರ.”

“ನಾನ? ನಾ ಹಿಡೀಬಾರದ್ರಿ...”

“ತೊಟ್ಟಿಲದಾಗ ಹಿಡೀಬಾರದಂತ. ಮದವ್ಯಾಗ ಹಿಡೀಬಾರದಂತ. ಬೂಸ್ಟರಿಗೆ ಯಾರೂ ಹಂಗ ಹೇಳಿಟ್ಟಿಲ್ರಿ. ಇದು ನಾ ಹುಟ್ಟಿಸಿದ ಕಾರ್ಯ. ಇದರಾಗ ನಾ ಹೇಳಿದ್ದ ಪದ್ಧತಿ. ನಿಮ್ಮ ಮೊಮ್ಮಗಳು, ನೀವ ಹಿಡೀರಿ.”

ಅತ್ತೆ ಓಣಿಯ ಹೆಂಗಸರನ್ನು ನೋಡಿದರು. ಬರಿ ಹಣೆಯ ಮರಾಠಿ ಅಜ್ಜಿ ತಾನೂ ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಅತ್ತೆ ತಾಟಿಗೆ ಕೈ ಚಾಚಿದರು. ಅಕ್ಕವ್ವ ತಾಟಿನ ಕೆಳಗೆ ತನ್ನ ಕೈ ಕೊಟ್ಟಳು. ಇಬ್ಬರೂ ಕೂಡಿ ಆರತಿ ಬೆಳಗಿದರು.

ಆಮೇಲೆ ಅತ್ತೆ ಮೊಮ್ಮಗಳ ಹಣೆಗೆ ಕುಂಕುಮ ಹಚ್ಚಿದರು. ಬೆರಳಿಗೆ ಒಂದಿಷ್ಟು ಕುಂಕುಮ ಉಳಿಯಿತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಅಂದು ಮಧ್ಯಾಹ್ನ ಎಲ್ಲರಿಗೂ ಎಡಗೈಯಲ್ಲೇ ನೀರು ಕೊಟ್ಟುಕೊಂಡು, ಬಲಗೈಯ ಆ ಬೆರಳಿಗೆ ಏನೂ ತಾಗದಂತೆ ಅಡ್ಡಾಡಿದರು.