ಹೆಜ್ಜಾರ್ಲೆಗೆ ಎರಡು ಕೋಟು ಪ್ರೈಮರ್

ತುಕ್ಕಿನ ವಿಷಯದಲ್ಲಿ ಯಲಹಂಕದಲ್ಲಿ ನನಗಿಂತ ಹೆಚ್ಚು ತಿಳಿದವರು ಯಾರೂ ಇಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ರಾಡು ಹಿಡಿದವನು, ಇವತ್ತಿಗೂ ಕೆಳಗಿಟ್ಟಿಲ್ಲ. ಇಲ್ಲಿಂದ ರಾಜಾನುಕುಂಟೆವರೆಗೆ ರಸ್ತೆಯ ಎರಡೂ ಕಡೆ ನೋಡ್ಕೊಂಡು ಹೋಗಿ. ಕಪ್ಪು ಬಣ್ಣದ, ಭರ್ಜಿ ತುದಿಗೆ ಬಂಗಾರದ ಬಣ್ಣ ಬಳಿದ ಗೇಟುಗಳು ಕಾಣಿಸ್ತಾವಲ್ಲ, ಅದರಲ್ಲಿ ಅರ್ಧ ನನ್ನ ಅಂಗಡಿಯಲ್ಲೇ ಹುಟ್ಟಿದವು. ಒಂದಕ್ಕೂ ತುಕ್ಕು ಹಿಡಿದಿಲ್ಲ. ಒಂದರ ಮೇಲೂ ನನ್ನ ಹೆಸರಿಲ್ಲ.

ಈ ಎರಡನೇ ಮಾತೇ ನನ್ನನ್ನ ಕೊರೀತಿತ್ತು. ಮನೆ ಮಾಲೀಕರ ಹೆಸರುಗಳನ್ನ ಎಷ್ಟೋ ಬೋರ್ಡಿನಲ್ಲಿ ಕತ್ತರಿಸಿ ಕೂರಿಸಿದ್ದೀನಿ. ಗಂಗಾಧರ ಅನ್ನೋ ನಾಲ್ಕು ಅಕ್ಷರಕ್ಕೆ ಮಾತ್ರ ಈ ಊರಲ್ಲಿ ಎಲ್ಲೂ ಜಾಗ ಸಿಕ್ಕಿರಲಿಲ್ಲ.

ಹೀಗಿರುವಾಗ ನಗರದ ಕಲಾ ಮಂಡಳಿಯಿಂದ ನನಗೊಂದು ಪತ್ರ ಬಂತು. ಸರ್ಕಲ್ಲು, ಪಾರ್ಕು, ಫ್ಲೈಓವರ್ ಕೆಳಗೆ ಎಲ್ಲೆಲ್ಲಿ ಯಾವ ಶಿಲ್ಪ ಇಡಬೇಕು, ಯಾರು ಮಾಡಬೇಕು, ಮಾಡಿದ್ದು ಸರಿಯಾಗಿದೆಯಾ ಅಂತ ನೋಡೋದು ಈ ಮಂಡಳಿಯ ಕೆಲಸವಂತೆ. ನಮ್ಮ ಕೆರೆ ಗೇಟಿನ ಎದುರು ಒಂದು ಕಬ್ಬಿಣದ ಶಿಲ್ಪ ಬರಲಿದೆ, ನಿಯಮದಂತೆ ಸ್ಥಳೀಯ ಸದಸ್ಯರೊಬ್ಬರು ಬೇಕು, ಕಬ್ಬಿಣ ಬಲ್ಲ ತಾವು ಒಪ್ಪಬೇಕು ಅಂತಿತ್ತು. ಕೊನೇ ಸಾಲು: "ಸದಸ್ಯರ ಹೆಸರುಗಳನ್ನು ಶಿಲ್ಪದ ಪಕ್ಕದ ಫಲಕದಲ್ಲಿ ನಮೂದಿಸಲಾಗುವುದು."

ಆ ಕೊನೇ ಸಾಲನ್ನ ಹತ್ತು ಸಲ ಓದಿದೆ. ಮಿಕ್ಕಿದ್ದನ್ನ ಒಂದು ಸಲ.

"ಮಂಡಳಿ ಸದಸ್ಯರು ಅಂದ್ರೆ ಏನ್ರೀ ಮಾಡ್ಬೇಕು?" ಅಂದಳು ನನ್ನ ಹೆಂಡತಿ ಜಯಮ್ಮ.

"ಮೇಲ್ವಿಚಾರಣೆ."

"ಯಾತರದ್ದು?"

"ಕಲೆಯದ್ದು!"

"ಬಚ್ಚಲುಮನೆ ಚಿಲಕ ಬಿದ್ದು ಒಂದು ತಿಂಗಳಾಯ್ತು. ಅದರ ಮೇಲ್ವಿಚಾರಣೆ ಯಾವ ಮಂಡಳೀದು?"

ಕಲಾ ಮಂಡಳಿಯ ಸದಸ್ಯರು ಚಿಲಕದ ಮಟ್ಟಕ್ಕೆ ಇಳಿದು ಮಾತಾಡಬಾರದು. ನಾನು ಇಳಿಯಲಿಲ್ಲ.

ಶಿಲ್ಪ ಅಂದ್ರೆ ಯಾರೋ ಬಂದು ಏನೋ ನಿಲ್ಲಿಸಿ ಹೋಗ್ತಾರೆ ಅಂದ್ಕೊಂಡಿದ್ದೆ. ಅಷ್ಟು ಸುಲಭ ಅಲ್ಲ ಕಣ್ರೀ! ಮೊದಲು ಜಾಗ ನೋಡ್ತಾರೆ. ಆಮೇಲೆ ಜನರನ್ನ ಕೇಳ್ತಾರೆ. ಆಮೇಲೆ ಕಲಾವಿದರಿಂದ ನಕ್ಷೆ ತರಿಸ್ತಾರೆ, ಒಂದನ್ನ ಆರಿಸ್ತಾರೆ, ಅದರ ಪುಟ್ಟ ಮಾದರಿ ಮಾಡಿಸ್ತಾರೆ, ಗಾಳಿಗೆ ಬೀಳಲ್ಲ ಅಂತ ಇಂಜಿನಿಯರ್ ಕೈಲಿ ಬರೆಸ್ಕೋತಾರೆ. ಒಂದೊಂದಕ್ಕೂ ಸಭೆ. ಒಂದೊಂದು ಸಭೆಗೂ ಫೈಲು. ನಮ್ಮ ಮಗಳಿಗೆ ಗಂಡು ನೋಡಿದಾಗಲೂ ನಾವು ಇಷ್ಟು ವಿಚಾರಿಸಿರಲಿಲ್ಲ.

ಜನರನ್ನ ಕೇಳೋ ಸಭೆ ಕೆರೆ ಗೇಟಿನ ಹತ್ತಿರ ಶಾಮಿಯಾನದ ಕೆಳಗೆ ನಡೀತು. ಕಲೆ ಬಗ್ಗೆ ಅಭಿಪ್ರಾಯ ಹೇಳಿ ಅಂದ್ರೆ ಒಬ್ಬರು ರಸ್ತೆಗೆ ಹಂಪು ಕೇಳಿದರು. ಇನ್ನೊಬ್ಬರು ಶೌಚಾಲಯ ಕೇಳಿದರು. ನಮ್ಮ ಪಕ್ಕದ ಮನೆಯ ಕೃಷ್ಣಪ್ಪ ಎದ್ದು ನಿಂತ. ಅವನ ರಾಗಿ ಹೊಲ ಇದ್ದ ಕಡೆ ಈಗ ಅವನದೇ ಮೂರು ಬಿಲ್ಡಿಂಗು ಇವೆ.

"ನಮ್ ತಾತನ ಪ್ರತಿಮೆ ಇಕ್ಕಿ ಮೇಡಂ. ಈ ಜಾಗದಾಗೇ ಎಮ್ಮೆ ಮೇಯಿಸ್ತಿದ್ದ."

ಅಧ್ಯಕ್ಷೆ ಮೇಡಂ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಎಲ್ಲವನ್ನೂ ಬರ್ಕೊಂಡರು. ಎಮ್ಮೆಯನ್ನೂ ಬರ್ಕೊಂಡರು.

ಕೊನೆಗೆ ಆರಿಸಿದ್ದು ಮೇಘನಾ ಅನ್ನೋ ಹುಡುಗಿಯ ನಕ್ಷೆಯನ್ನ. ನಮ್ಮ ಕೆರೆಗೆ ಬರುತ್ತಲ್ಲ ಹೆಜ್ಜಾರ್ಲೆ, ಕೊಕ್ಕಿನ ಕೆಳಗೆ ಚೀಲ ಇಟ್ಕೊಂಡಿರೋ ದೊಡ್ಡ ಹಕ್ಕಿ, ಅದು ರೆಕ್ಕೆ ಬಿಚ್ಚಿ ನಿಂತಿರೋ ಹಾಗೆ, ಎರಡಾಳು ಎತ್ತರಕ್ಕೆ. ಮಾದರಿಯ ಸಭೆಯಲ್ಲಿ ಅವಳು ಅಂಗೈಯಷ್ಟು ದೊಡ್ಡ ಕಂದು ಹಕ್ಕಿಯೊಂದನ್ನ ಮೇಜಿನ ಮೇಲಿಟ್ಟು ಬಹಳ ಹೊತ್ತು ವಿವರಿಸಿದಳು. ಎಲ್ಲರೂ ತಲೆಯಾಡಿಸಿದರು. ನಾನು ಎಲ್ಲರಿಗಿಂತ ಜೋರಾಗಿ ಆಡಿಸಿದೆ. ನಿಜ ಹೇಳ್ಬೇಕು ಅಂದ್ರೆ, ಫಲಕದಲ್ಲಿ ಬರೀ 'ಗಂಗಾಧರ' ಅಂತ ಹಾಕಿಸೋದಾ, 'ಶ್ರೀ' ಸೇರಿಸೋದಾ ಅನ್ನೋ ಗಂಭೀರ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ಫೈಲು ಬಂತು. ಸಹಿ ಹಾಕಿದೆ. ನನ್ನ ಸಹಿ ನೋಡಬೇಕು ನೀವು! ಕೆಳಗೊಂದು ಗೆರೆ, ಗೆರೆ ಕೆಳಗೆ ಎರಡು ಚುಕ್ಕಿ.

ಸದಸ್ಯನಾಗಿ ನನ್ನ ಕೆಲಸ ಇಷ್ಟೇ: ಮೇಘನಾ ಶಿಲ್ಪ ಮಾಡೋ ಕಡೆ ವಾರಕ್ಕೊಮ್ಮೆ ಹೋಗಿ ನೋಡೋದು, ನೋಡಿದ್ದನ್ನ ಮಂಡಳಿಯ ಪುಸ್ತಕದಲ್ಲಿ ಬರೆಯೋದು. ದಿನಾಂಕ, ಕಂಡ ದೋಷ, ಕೈಗೊಂಡ ಕ್ರಮ ಅಂತ ಮೂರು ಕಲಂ. ದೋಷ ಹುಡುಕೋಕೆ ಅಂತಲೇ ಹೋಗ್ತಿದ್ದೆ. ಸಿಗ್ತಿರಲಿಲ್ಲ. ಆ ಹುಡುಗಿಯ ವೆಲ್ಡಿಂಗ್ ಇರುವೆ ಸಾಲು ಹೋದ ಹಾಗೆ ಇತ್ತು. ಒಂದಿನ ಕೊಕ್ಕಿನ ಚೀಲದ ತಗಡು ಬಗ್ಗಿಸುವಾಗ ಸೊಟ್ಟ ಆಗ್ತಿತ್ತು. ಎಲ್ಲಿ ಕಾಯಿಸಬೇಕು, ಎಲ್ಲಿ ತಟ್ಟಬೇಕು ಅಂತ ತೋರಿಸಿದೆ.

"ಅಂಕಲ್, ನಿಮ್ಮ ಕೈಗೆ ಕಬ್ಬಿಣ ಮಾತು ಕೇಳುತ್ತೆ" ಅಂದಳು.

ನನ್ನ ಸ್ವಂತ ಮಗಳು ಇಪ್ಪತ್ತೈದು ವರ್ಷದಲ್ಲಿ ಒಂದು ದಿನಾನೂ ಇಂಥಾ ಮಾತಾಡಿಲ್ಲ. ಅವತ್ತಿನಿಂದ ಮೇಘನಾ ನಮ್ಮನೆ ಹುಡುಗಿ ಅಂತ ತೀರ್ಮಾನ ಮಾಡಿಬಿಟ್ಟೆ.

ಹಕ್ಕಿ ಕೆರೆ ಗೇಟಿನ ಎದುರು ನಿಂತಿತು. ಮೇಘನಾ ಅಕ್ಕನ ಮದುವೆ ಅಂತ ದಾವಣಗೆರೆಗೆ ಹೊರಟಳು. "ಸೋಮವಾರ ಕೊನೇ ತಪಾಸಣೆಗೆ ಬಂದ್ಬಿಡ್ತೀನಿ ಅಂಕಲ್. ಅಲ್ಲಿವರೆಗೆ ಮಳೆ, ಬಿಸಿಲು ಅವುಗಳ ಕೆಲಸ ಮಾಡ್ಲಿ" ಅಂದಳು. ಚೆನ್ನಾಗಿ ಮಾತಾಡ್ತಾಳೆ ಅಂದ್ಕೊಂಡೆ.

ಮಳೆ ತನ್ನ ಕೆಲಸ ಮಾಡಿತು. ಶುಕ್ರವಾರ ಬೆಳಿಗ್ಗೆ ಪುಸ್ತಕ ಹಿಡ್ಕೊಂಡು ಹೋದೆ. ಹಕ್ಕಿಯ ನೆತ್ತಿಯಿಂದ ಕಾಲಿನವರೆಗೆ ತುಕ್ಕು! ಕೈಯಿಟ್ಟರೆ ಕೈಯೆಲ್ಲ ಕೆಂಪು. ಮೂರು ದಿನಕ್ಕೆ ತಪಾಸಣೆ. ಮಂಡಳಿಯವರು ಇದನ್ನ ನೋಡಿ ಹುಡುಗಿಯ ಕೆಲಸ ಒಪ್ಪಲ್ಲ ಅಂದ್ರೆ? ಶಿಲ್ಪ ಇಲ್ಲದೆ ಹೋದ್ರೆ ಫಲಕ ಎಲ್ಲಿಂದ ಬರುತ್ತೆ? ಬಂದ್ರೂ, ತುಕ್ಕು ಹಿಡಿದ ಹಕ್ಕಿಯ ಪಕ್ಕ ನನ್ನ ಹೆಸರಾ? ಊರಲ್ಲಿ ತಲೆಯೆತ್ತಿ ಓಡಾಡೋದು ಹೇಗೆ?

ಪುಸ್ತಕ ತೆಗೆದು ನನ್ನ ಜೀವನದ ಅತ್ಯಂತ ಶುದ್ಧ ಕನ್ನಡದಲ್ಲಿ ಬರೆದೆ. ದೋಷ: ಮೈಯೆಲ್ಲ ತುಕ್ಕು. ಕ್ರಮ: ಸದಸ್ಯರು ಖುದ್ದಾಗಿ ನಿವಾರಿಸುವರು.

ಮನೆಗೆ ಬಂದು ಹೇಳಿದೆ. "ಆ ಹುಡುಗಿಗೊಂದು ಫೋನ್ ಮಾಡಿ" ಅಂದಳು ಜಯಮ್ಮ.

"ಮದುವೆ ಮನೆಗೆ ಫೋನ್ ಮಾಡಿ ತುಕ್ಕಿನ ಸುದ್ದಿ ಹೇಳ್ತಾರೇನೇ? ಪಾಪ, ಬಣ್ಣಕ್ಕೆ ಮೊದಲು ಪ್ರೈಮರ್ ಹೊಡೀಬೇಕು ಅಂತ ಅವಳಿಗೆ ಯಾರೂ ಹೇಳ್ಕೊಟ್ಟಿಲ್ಲ. ಕಾಲೇಜಲ್ಲಿ ಅದೆಲ್ಲ ಇರಲ್ಲ."

ಶನಿವಾರ ಬೆಳಿಗ್ಗೆ ಒಂದು ಉಜ್ಜುವ ಕಾಗದ ಮಾತ್ರ ತಗೊಂಡು ಹೋದೆ. ಸ್ವಲ್ಪ ಉಜ್ಜಿ ಬರೋಣ ಅಂತ. ರೆಕ್ಕೆ ಮೇಲೆ ಅಂಗೈಯಗಲ ಉಜ್ಜಿದೆ. ಪಳಪಳ ಹೊಳೀತು. ಅದು ಹೊಳೆದಿದ್ದೇ ತಪ್ಪಾಯ್ತು. ಮಿಕ್ಕ ಮೈ ಇನ್ನೂ ಕೆಟ್ಟದಾಗಿ ಕಾಣಿಸ್ತು. ರೆಕ್ಕೆ ಪೂರ್ತಿ ಉಜ್ಜಿದೆ. ಒಂದು ರೆಕ್ಕೆ ಹೊಳೆದು ಇನ್ನೊಂದು ಮಂಕಾದರೆ ಹಕ್ಕಿಗೆ ಲಕ್ವ ಹೊಡೆದ ಹಾಗೆ ಕಾಣಲ್ವಾ? ಅಂಗಡಿಗೆ ಹೋಗಿ ಗ್ರೈಂಡರ್ ತಂದೆ. ವಾಕಿಂಗ್ ಬಂದಿದ್ದ ಕೃಷ್ಣಪ್ಪ ಏಣಿ ಹಿಡ್ಕೊಂಡ. ಮಧ್ಯಾಹ್ನದ ಹೊತ್ತಿಗೆ ಹೆಜ್ಜಾರ್ಲೆ ಸ್ಟೀಲ್ ಪಾತ್ರೆ ಅಂಗಡಿಯಿಂದ ಈಗ ತಾನೇ ತಂದ ಹಾಗಿತ್ತು.

ಬರೀ ಕಬ್ಬಿಣವನ್ನ ಹಾಗೇ ಬಿಟ್ಟರೆ ಮತ್ತೆ ತುಕ್ಕು ಹಿಡಿಯುತ್ತೆ. ಕೆಂಪು ಪ್ರೈಮರ್ ಹೊಡೆದೆ. ಎರಡು ಕೋಟು. ನಾನು ಯಾವತ್ತೂ ಒಂದು ಕೋಟಿಗೆ ನಿಲ್ಲಿಸಿದವನಲ್ಲ.

ಕೃಷ್ಣಪ್ಪ ಏಣಿ ಬಿಟ್ಟು ಹಿಂದೆ ಸರಿದು ನೋಡಿದ. "ಏನ್ ಗಂಗಣ್ಣ, ಬೆಳಿಗ್ಗೆನೂ ಇಂಗೇ ಕೆಂಪಗೆ ಇತ್ತಲ್ಲೋ?"

"ಅದು ತುಕ್ಕು! ಇದು ಪ್ರೈಮರ್!"

"ನೋಡಕ್ಕೆ ಎಲ್ಡೂ ಒಂದೇ ಅಲ್ವಾ?"

ಇಂಥವರಿಗೆ ಏನು ಹೇಳೋದು? ಭಾನುವಾರ ಬಣ್ಣ ತಗೊಂಡು ಹೋದೆ. ಯಾವ ಬಣ್ಣ ಅಂತ ಯೋಚಿಸಲೇ ಇಲ್ಲ. ಕೈ ತಾನಾಗೇ ಕಪ್ಪಿಗೆ ಹೋಯ್ತು. ಕಪ್ಪು ಬಳಿದ ಮೇಲೆ ಗರಿಗಳ ತುದಿ ಚೂಪಾಗಿ ಭರ್ಜಿ ಥರ ನನ್ನನ್ನೇ ನೋಡ್ತಿದ್ದವು. ಬಂಗಾರದ ಬಣ್ಣ ಒಂದು ಸಣ್ಣ ಡಬ್ಬಿ ಮಿಕ್ಕಿತ್ತು. ಒಂದೊಂದು ಗರಿಯ ತುದಿಗೂ ಬಳಿದೆ. ಕೊಕ್ಕಿನ ತುದಿಗೂ. ಕೃಷ್ಣಪ್ಪ ತನ್ನ ಹೊಸ ಬಿಲ್ಡಿಂಗಿಗೆ ಅಂತ ತಂದಿದ್ದ ನಾಲಿಗೆ ಚಾಚಿದ ದೃಷ್ಟಿ ಮುಖವಾಡವನ್ನ ಹಕ್ಕಿಯ ಕತ್ತಿಗೆ ಕಟ್ಟಿದ. "ಇಷ್ಟು ಚೆಂದ ಮಾಡಿದ್ದೀಯ, ಕಣ್ಣು ಬೀಳ್ತದೆ" ಅಂದ. ಅವನ ಪ್ರೀತಿಗೆ ನನ್ನ ಕಣ್ಣು ತುಂಬಿ ಬಂತು.

ಸೋಮವಾರ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕ್ಕೊಂಡು ಜಯಮ್ಮನನ್ನೂ ಕರ್ಕೊಂಡು ನಿಂತೆ. ಮಂಡಳಿಯ ವ್ಯಾನು ಬಂತು, ನಮ್ಮನ್ನ ದಾಟಿ ಮುಂದಕ್ಕೆ ಹೋಯ್ತು, ನಿಂತಿತು, ರಿವರ್ಸ್ ಬಂತು. ಅಧ್ಯಕ್ಷೆ ಮೇಡಂ ಇಳಿದು ಡ್ರೈವರನ್ನ ಕೇಳಿದರು: "ಜಾಗ ಇದೇನಾ?"

"ಇದೇ ಮೇಡಂ. ಹೋದ ಸಲಾನೂ ಇಲ್ಲೇ ನಿಲ್ಸಿದ್ದೆ."

ಎಲ್ಲರೂ ತಲೆಯೆತ್ತಿ ನೋಡಿದರು. ಎತ್ತಿದ ಕತ್ತು ಇಳಿಸಲೇ ಇಲ್ಲ. ಒಳ್ಳೇ ಕೆಲಸ ನೋಡಿದಾಗ ಹಾಗೇ ಆಗುತ್ತೆ ಅಂತ ಜಯಮ್ಮನಿಗೆ ಕಣ್ಸನ್ನೆ ಮಾಡಿದೆ. ಅಷ್ಟರಲ್ಲಿ ಆಟೋದಿಂದ ಮೇಘನಾ ಇಳಿದಳು, ಕೈಯಲ್ಲಿ ಇನ್ನೂ ಮದುವೆ ಮೆಹಂದಿ. ಬ್ಯಾಗು ಹಾಗೇ ಕೈಜಾರಿ ಕೆಳಗೆ ಬಿತ್ತು.

"ಥ್ಯಾಂಕ್ಸ್ ಎಲ್ಲ ಬೇಡಮ್ಮ" ಅಂದೆ ನಾನು.

ಅವಳು ಹಕ್ಕಿಯ ಸುತ್ತ ಒಂದು ಸುತ್ತು ಬಂದಳು. ನನ್ನ ಮುಂದೆ ನಿಂತಳು. ಜಾತ್ರೆಯಲ್ಲಿ ಮಗು ಕಳ್ಕೊಂಡವರ ದನಿಯಲ್ಲಿ ಕೇಳಿದಳು:

"ಅಂಕಲ್, ತುಕ್ಕು ಎಲ್ಲಿ?"

"ತೆಗೆದ್ಬಿಟ್ಟೆ ಕಣಮ್ಮ! ಪೂರ್ತಿ!"

ಅಧ್ಯಕ್ಷೆ ಮೇಡಂ ನಿಧಾನವಾಗಿ ಫೈಲು ಬಿಚ್ಚಿ ಒಂದು ಪುಟ ನನ್ನ ಮುಂದೆ ಹಿಡಿದರು. ಇಂಗ್ಲಿಷಿನಲ್ಲಿದ್ದಿದ್ದರೆ ತಪ್ಪಿಸ್ಕೋತಿದ್ದೆ. ಅಚ್ಚ ಕನ್ನಡದಲ್ಲಿತ್ತು. "ಈ ಶಿಲ್ಪಕ್ಕೆ ತುಕ್ಕೇ ಬಣ್ಣ. ಈ ಬಗೆಯ ಉಕ್ಕಿನಲ್ಲಿ ತುಕ್ಕು ಮೇಲ್ಪದರದಲ್ಲಿ ನಿಂತು ಒಳಗಿನ ಲೋಹವನ್ನು ಕಾಯುತ್ತದೆ. ಯಾವ ಕಾರಣಕ್ಕೂ ಉಜ್ಜುವುದಾಗಲಿ, ಬಣ್ಣ ಬಳಿಯುವುದಾಗಲಿ ಕೂಡದು." ಕೆಳಗೆ, ಓದಿ ಒಪ್ಪಿದವರ ಸಹಿ. ಗೆರೆ. ಗೆರೆ ಕೆಳಗೆ ಎರಡು ಚುಕ್ಕಿ!

"ರೀ, ಅದು ನಿಮ್ಮದೇ ಅಲ್ವಾ?" ಅಂದಳು ಜಯಮ್ಮ. ಸಾಕ್ಷಿಗೆ ಹೊರಗಿನವರು ಬೇಕಾಗಲಿಲ್ಲ.

ಮೇಘನಾ ಮೋರಿಕಟ್ಟೆ ಮೇಲೆ ಕೂತು ಮುಖ ಮುಚ್ಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಭುಜ ಅಲುಗ್ತಿತ್ತು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಹತ್ತಿರ ಹೋಗಿ ನೋಡಿದರೆ ಅವಳು ಅಳ್ತಾನೂ ಇದ್ದಳು, ನಗ್ತಾನೂ ಇದ್ದಳು. ಅವಳ ಕಣ್ಣು ದೃಷ್ಟಿ ಮುಖವಾಡದ ನಾಲಿಗೆ ಮೇಲಿತ್ತು.

"ಆರು ಸಭೆ ಮಾಡಿದ್ವಿ ಅಂಕಲ್" ಅಂದಳು. "ಇದನ್ನ ಯಾರೂ ಊಹಿಸಿರಲಿಲ್ಲ."

ಏಳನೇ ಸಭೆ ನನ್ನ ಸಲುವಾಗಿಯೇ ಸೇರಿತು. ನನ್ನ ಪುಸ್ತಕದ ಕೊನೇ ಪುಟವನ್ನ ಮೇಡಂ ಗಟ್ಟಿಯಾಗಿ ಓದಿದರು: "ಸದಸ್ಯರು ಖುದ್ದಾಗಿ ನಿವಾರಿಸುವರು." ಯಾರೋ ಬಿಸ್ಕತ್ತು ಗಂಟಲಿಗೆ ಸಿಕ್ಕಿಸ್ಕೊಂಡು ಕೆಮ್ಮಿದರು. ಫಲಕದ ಮಾತು ಬಂದಾಗ ಎಲ್ಲರೂ ಸಂಕೋಚದಿಂದ ಮೇಜು ನೋಡಿದರು. ಅವರ ಬಾಯಲ್ಲಿ ಹೇಳಿಸೋದು ಬೇಡ ಅಂತ ನಾನೇ ಎದ್ದೆ. "ನನ್ನ ಹೆಸರು ಬಿಟ್ಬಿಡಿ ಮೇಡಂ. ಬಣ್ಣ ನಾನೇ ತೆಗೀತೀನಿ. ತುಕ್ಕೂ ನಾನೇ ಬರಿಸ್ತೀನಿ." ಹೇಳಿ ಕೂತು ನನ್ನ ಮುಂದಿದ್ದ ಬಿಸ್ಕತ್ತಿನ ತಟ್ಟೆಯನ್ನ ಪಕ್ಕಕ್ಕೆ ತಳ್ಳಿದೆ. ಒಂದನ್ನೂ ತಿಂದಿರಲಿಲ್ಲ.

ಬಣ್ಣ ತೆಗೆಯೋದು ಎಷ್ಟು ಕಷ್ಟ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಯಾಕಂದ್ರೆ ಬಳಿದವನು ನಾನು! ನನ್ನ ಎರಡು ಕೋಟು ಪ್ರೈಮರ್ ನನ್ನ ಮಾತೇ ಕೇಳಲಿಲ್ಲ. ಕೊನೆಗೆ ಮರಳು ಊದೋ ಯಂತ್ರ ತರಿಸಿದೆ. ಆಮೇಲೆ ಶುರುವಾಯ್ತು ತುಕ್ಕಿನ ವ್ಯವಸಾಯ. ಮೇಘನಾ ಹೇಳ್ಕೊಟ್ಟ ಹಾಗೆ ಉಪ್ಪು, ವಿನೆಗರ್ ಬೆರೆಸಿದ ನೀರನ್ನ ದಿನಾ ಬೆಳಿಗ್ಗೆ ಹಕ್ಕಿಗೆ ಚಿಮುಕಿಸೋದು, ಒಣಗಿದ ಮೇಲೆ ಮತ್ತೆ ಚಿಮುಕಿಸೋದು. ಜನ್ಮವೆಲ್ಲ ತುಕ್ಕಿನ ವಿರುದ್ಧ ಹೋರಾಡಿದವನು ಏಣಿ ಹತ್ತಿ, ಬಾರಪ್ಪ ಬಾರಪ್ಪ ಅಂತ ತುಕ್ಕನ್ನ ಕರೀತಿದ್ದೆ.

"ಮನೆ ತುಳಸಿಗೆ ಒಂದು ಚೊಂಬು ನೀರು ಹಾಕಿದವರಲ್ಲ" ಅಂದಳು ಉಪ್ಪಿನ ಡಬ್ಬಿ ಖಾಲಿಯಾದ ದಿನ ಜಯಮ್ಮ.

ಕೃಷ್ಣಪ್ಪ ಮಾತ್ರ ದಿನಾ ವಾಕಿಂಗ್ ನಿಲ್ಲಿಸಿ ವಿಚಾರಿಸ್ತಿದ್ದ: "ಎಂಗೈತೆ ಬೆಳೆ?"

ಮೊದಲ ಕೆಂಪು ಚುಕ್ಕಿ ಕಾಣಿಸಿದ್ದು ರೆಕ್ಕೆಯ ಕೆಳಗೆ. ಮೇಘನಾಗೆ ಫೋಟೋ ಕಳಿಸಿದೆ. "ಸೂಪರ್ ಅಂಕಲ್!" ಅಂತ ಉತ್ತರ ಬಂತು. ಆ ಫೋಟೋ ಇವತ್ತಿಗೂ ನನ್ನ ಫೋನಿನಲ್ಲಿದೆ, ಮೊಮ್ಮಗನ ಫೋಟೋದ ಪಕ್ಕ.

ಹಕ್ಕಿ ಈಗ ಕೆರೆ ಗೇಟಿನ ಎದುರು ಕೆಂಪಗೆ ನಿಂತಿದೆ. ಸಂಜೆ ಬಿಸಿಲಿಗೆ ನೋಡಿದ್ರೆ, ಹೇಳಬಾರದು, ಕಪ್ಪು ಬಣ್ಣಕ್ಕಿಂತ ಚೆನ್ನಾಗಿದೆ. ಫಲಕ ಮಾಡೋ ಕೆಲಸವನ್ನ ಮಂಡಳಿ ನನಗೇ ಕೊಟ್ಟಿತು, ಅಕ್ಷರ ಕತ್ತರಿಸೋದರಲ್ಲಿ ನನ್ನ ಕೈ ಒಳ್ಳೆಯದು ಅಂತ. ಕಲಾವಿದೆ ಮೇಘನಾ ಅಂತ ಕತ್ತರಿಸಿದೆ. ಅಧ್ಯಕ್ಷೆ ಮೇಡಂ ಹೆಸರು ಕತ್ತರಿಸಿದೆ. ಉಳಿದ ಸದಸ್ಯರದ್ದನ್ನೂ ಒಬ್ಬೊಬ್ಬರದಾಗಿ ಕತ್ತರಿಸಿದೆ. ಎಲ್ಲಕ್ಕಿಂತ ಕೆಳಗೆ, ಮಂಡಳಿ ಒಮ್ಮತದಿಂದ ಸೇರಿಸಿದ ಸಾಲು: "ದಯವಿಟ್ಟು ಯಾರೂ ತುಕ್ಕು ತೆಗೆಯಬಾರದು, ಬಣ್ಣ ಬಳಿಯಬಾರದು."

ಜಯಮ್ಮ ನಿಂತು ಪೂರ್ತಿ ಓದಿದಳು. "ಬೇಜಾರ್ ಮಾಡ್ಕೋಬೇಡಿ. ಅವರಿಗೆಲ್ಲ ಒಂದೊಂದು ಹೆಸರು. ನಿಮಗೆ ಒಂದು ಸಾಲು ಪೂರ್ತಿ ಕೊಟ್ಟಿದ್ದಾರೆ."

ಆ ಫಲಕಕ್ಕೆ ಪ್ರೈಮರ್ ಹೊಡೆದಿದ್ದೀನಿ. ಎರಡು ಕೋಟು. ಹೊಡೆಯೋ ಮುಂಚೆ ಮೇಘನಾಗೆ ಫೋನ್ ಮಾಡಿ ಕೇಳಿದೆ. ಮೇಡಂಗೂ ಮಾಡಿದೆ. ಇಬ್ಬರೂ ಒಪ್ಪಿದ ಮೇಲೂ, ಯಾಕೆ ಬೇಕು ತಂಟೆ ಅಂತ ಲಿಖಿತ ಅಪ್ಪಣೆ ತರಿಸ್ಕೊಂಡೆ. ಅದು ತಲುಪಿತು ಅಂತ ಸಹಿ ಹಾಕೋ ಮುಂಚೆ ಪೂರ್ತಿ ಓದಿದೆ. ಮೂರು ಸಲ!